ಎದುರುಮನೆಯವನ ಹೆಸರು

ನಮ್ಮ ದ್ವೀಪದಲ್ಲಿ ಹ್ಯಾಲೋವೀನ್ ಸಂಜೆ ವೇಷ ಹಾಕಿದವರು ಬಾಯಿ ಬಿಡಬಾರದು. ವರ್ಷವಿಡೀ ಬಾಯಿಗೆ ಬೀಗವಿಲ್ಲದ ಜನಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಆದರೂ ಅದೇ ನಮ್ಮ ಹಬ್ಬ. ಮುಖದ ಮೇಲೆ ಕಿಟಕಿಯ ಜಾಲರಿ ಪರದೆ, ಮೈಮೇಲೆ ಯಾರದೋ ಹರಿದ ಕೋಟು, ಸೊಂಟದ ಸುತ್ತ ಹುಲ್ಲು. ಬಾಗಿಲು ತಟ್ಟದೆ ಒಳಗೆ ಬಂದು ಸುಮ್ಮನೆ ಕೂರುವುದು. ಯಾರು ಬಂದಿದ್ದಾರೆಂದು ಮನೆಯವರು ಊಹಿಸಬೇಕು. ಸರಿಯಾದ ಹೆಸರು ಹೇಳಿದರೆ ವೇಷದವನು ಪರದೆ ಎತ್ತಿ, ಬ್ರಾಕ್ ಎಂಬ ಹಬ್ಬದ ಬ್ರೆಡ್ಡಿನ ಒಂದು ತುಂಡು ಬಾಯಿಗೆ ಹಾಕಿಕೊಂಡು ಮುಂದಿನ ಮನೆಗೆ ಹೊರಡಬೇಕು. ತಾನಾಗಿ ಮಾತಾಡಿಬಿಟ್ಟರೂ ಸೋತ ಹಾಗೆಯೇ, ಎದ್ದು ಹೋಗಬೇಕು. ಆದರೆ ಮನೆಯವರಿಗೆ ಹೆಸರು ಹೇಳಲು ಆಗಲಿಲ್ಲವೋ, ಮನೆ ಅವನದೇ. ಇಷ್ಟ ಬಂದ ಕುರ್ಚಿಯಲ್ಲಿ ಇಷ್ಟ ಬಂದಷ್ಟು ಹೊತ್ತು ಕೂರಬಹುದು, ಸಣ್ಣಪುಟ್ಟ ಕಿತಾಪತಿ ಮಾಡಬಹುದು, ಯಾರೂ ಚಕಾರ ಎತ್ತುವಂತಿಲ್ಲ.

ಈ ಕಾನೂನು ಮಾಡಿದವರು ಯಾರೋ ಗೊತ್ತಿಲ್ಲ. ಮಾಡುವಾಗ ನನ್ನ ಎದುರುಮನೆಯವನಂಥವನೊಬ್ಬ ಹುಟ್ಟುತ್ತಾನೆಂದು ಅವರು ಯೋಚಿಸಿರಲಿಲ್ಲ.

ಅವನ ಹೆಸರನ್ನು ಸದ್ಯಕ್ಕೆ ನಾನು ಹೇಳುವುದಿಲ್ಲ. ಮರೆತಿದ್ದೇನೆ ಎಂದಲ್ಲ. ಒಂದೇ ಶಾಲೆ, ಒಂದೇ ರಸ್ತೆ. ಅವನ ಬಾಗಿಲು ತೆಗೆದರೆ ನನ್ನ ಅಡುಗೆಮನೆ ಕಾಣುತ್ತದೆ, ನನ್ನ ಬಾಗಿಲು ತೆಗೆದರೆ ಅವನ ಕತ್ತೆ ಕಾಣುತ್ತದೆ. ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಬಾಯಿಂದ ಹೊರಗೆ ಬಿಡುವುದಿಲ್ಲವೆಂದು ಆಣೆ ಮಾಡಿದ್ದೆ. ನಾನು ಡೀಲಿಯಾ, ಆಣೆ ಮಾಡಿದರೆ ಮಾಡಿದ ಹಾಗೆಯೇ. ಬೇಕಾದರೆ ನನ್ನ ಗಂಡ ಕೋಲಿಯನ್ನು ಕೇಳಿ. ಅವನು ಉತ್ತರ ಹೇಳುವುದಿಲ್ಲ, ನಿಟ್ಟುಸಿರು ಬಿಡುತ್ತಾನೆ.

ನಮ್ಮಮ್ಮ ಒಂದು ವರ್ಷ ವೇಷ ಹಾಕಿ ಊರೆಲ್ಲ ಸುತ್ತಿ ಕೊನೆಯವರೆಗೂ ಯಾರ ಕೈಗೂ ಸಿಕ್ಕಿರಲಿಲ್ಲ. ಅವಳು ಹೋದಮೇಲೂ ಜನ ಅದನ್ನು ಹೇಳಿಕೊಂಡು ನಗುತ್ತಾರೆ. ಅವಳ ಮಗಳಾಗಿ ನನಗೂ ಒಂದು ಸಲ ಹಾಗೆ ದಾಟಿಬಿಡುವ ಆಸೆ. ಆಸೆ ಎಂದರೆ ಹುಚ್ಚು ಎಂದೇ ಇಟ್ಟುಕೊಳ್ಳಿ. ಒಂದು ವರ್ಷ ಬೇಸಿಗೆಯಿಂದಲೇ ತಯಾರಿ ಶುರುಮಾಡಿದೆ. ಹಳೆಯ ಮೀನುಗಾರರ ರಬ್ಬರ್ ಷರಾಯಿ, ಅದರೊಳಗೆ ಎರಡು ದಿಂಬು. ಕೈ ನೋಡಿ ಗುರುತು ಹಿಡಿಯಬಾರದೆಂದು ಉಣ್ಣೆಯ ಗವಸು. ನನ್ನ ಸೋಪಿನ ವಾಸನೆ ಗೊತ್ತಾಗಬಾರದೆಂದು ಕೋಟಿಗೆಲ್ಲ ಬಂಗಡೆ ತೊಳೆದ ನೀರು. ಕೋಲಿಗೂ ಹೇಳಿರಲಿಲ್ಲ. ದಾರಿಯಲ್ಲಿ ಎದುರಾದ ಅವನು ಮೂಗು ಮುಚ್ಚಿಕೊಂಡು ಗೋಡೆಗೆ ಒರಗಿ ದಾರಿ ಬಿಟ್ಟ. ನನ್ನ ಜೊತೆ ಬಾಳುತ್ತಿರುವ ಗಂಡಸು!

ಮನೆಯ ಮೇಲೆ ಮನೆ ದಾಟಿದೆ. ಯಾರ ಬಾಯಲ್ಲೂ ನನ್ನ ಹೆಸರು ಬರಲಿಲ್ಲ. ಇನ್ನುಳಿದದ್ದು ವೇಷದವರೆಲ್ಲ ಕೊನೆಗೆ ಸೇರುವ ಪಬ್ ಒಂದೇ. ಎದೆ ಉಬ್ಬಿಸಿಕೊಂಡು ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ಎದುರುಮನೆಯವನು ಲೋಟದ ಅಂಚಿನ ಮೇಲಿಂದ ನನ್ನನ್ನು ಒಮ್ಮೆ ನೋಡಿದ.

"ಬಾರೇ ಡೀಲಿಯಾ. ಬಾಗಿಲು ಹಾಕ್ಕೊಂಡು ಬಾ, ಚಳಿ ಹೊಡೀತಿದೆ."

"ಹೆಂಗಪ್ಪಾ ಗೊತ್ತಾಯ್ತು?" ಎಂದು ಯಾರೋ ಕೇಳಿದರು.

"ನಡಿಗೆ ನೋಡ್ರೋ. ಬಾತುಕೋಳಿ ನೀರಿಗೆ ಹೊರಟ ಹಂಗಿಲ್ವಾ?"

ಪಬ್ಬಿಗೆ ಪಬ್ಬೇ ಬಿದ್ದು ಬಿದ್ದು ನಕ್ಕಿತು. ನಾನು ಅಲ್ಲೇ ತಿರುಗಿ ಮನೆಗೆ ಬಂದು ಪರದೆಯನ್ನು ಮೂಲೆಗೆ ಎಸೆದೆ.

"ಇನ್ಮೇಲೆ ಆ ಮನುಷ್ಯನ ಹೆಸರು ನನ್ನ ಬಾಯಲ್ಲಿ ಬಂದ್ರೆ ಕೇಳು!" ಎಂದೆ ಕೋಲಿಗೆ.

"ಎಲ್ಲಿವರೆಗೆ?"

"ಅವನು ಬದುಕಿರೋವರೆಗೆ."

"ಅವರ ಮನೇಲಿ ಎಲ್ಲಾ ತೊಂಬತ್ತು ದಾಟ್ತಾರೆ ಕಣೇ," ಎಂದ ಕೋಲಿ, ಬಹಳ ಬೇಸರದಿಂದ.

ವೇಷ ಹಾಕುವುದನ್ನು ಅಂದಿಗೆ ಬಿಟ್ಟೆ. ಮಾತು ನಿಂತದ್ದು ಅವನೊಬ್ಬನ ಜೊತೆ ಮಾತ್ರ. ಅವನ ಹೆಂಡತಿ ಊನಾ ನನ್ನ ಗೆಳತಿ, ನಮ್ಮಿಬ್ಬರ ನಡುವಿನ ರಸ್ತೆಯ ಕಲ್ಲುಗೋಡೆಗೆ ಒರಗಿ ನಾವು ದಿನಾ ಹರಟುತ್ತಿದ್ದೆವು. ಅವನಿಗೆ ಹೇಳಬೇಕಾದ್ದನ್ನು ಅವಳಿಗೇ ಹೇಳುತ್ತಿದ್ದೆ, ಅವನು ಅವಳ ಪಕ್ಕದಲ್ಲೇ ಕೂತು ಬಲೆ ಹೆಣೆಯುತ್ತಿದ್ದರೂ.

"ಊನಾ, ನಿಮ್ಮ ಮನೆಯವರಿಗೆ ಹೇಳು, ಅವರ ಕತ್ತೆ ನನ್ನ ಎಲೆಕೋಸು ತಿಂದಿದೆ."

"ಊನಾ, ಎದುರುಮನೆಯವಳಿಗೆ ಹೇಳು, ಕತ್ತೆ ತಿಂದಿದ್ದು ಪಕ್ಕದ ಕಳೇನ. ಆ ಎಲೆಕೋಸನ್ನ ಅದು ಮೂಸಿ ನೋಡಿ ಬಿಟ್ಟು ಬಂತು."

"ಇಬ್ರು ಹೇಳಿದ್ದೂ ಇಬ್ರಿಗೂ ಕೇಳ್ಸಿದೆ. ನಾನು ಒಳಗೆ ಹೋಗ್ತೀನಿ," ಎಂದು ಊನಾ ಎದ್ದು ಹೋಗುತ್ತಿದ್ದಳು.

ಮರುವರ್ಷದ ಹ್ಯಾಲೋವೀನ್ ಬಂತು. ಕತ್ತಲಾಗುತ್ತಿದ್ದಂತೆ ನಮ್ಮ ಬಾಗಿಲು ತೆರೆದು ಒಂದು ಹುಲ್ಲಿನ ಮೆದೆ ಒಳಗೆ ಬಂತು. ತಲೆಯಿಂದ ಮೊಣಕಾಲವರೆಗೆ ಹುಲ್ಲು, ಮುಖಕ್ಕೆ ಊನಾಳ ಮಲಗುವ ಕೋಣೆಯ ಜಾಲರಿ ಪರದೆ. ಕಾಲಲ್ಲಿ ಮಾತ್ರ ಇಡೀ ಊರಿಗೆ ಗೊತ್ತಿರುವ ಬೂಟು. ಸೈಕಲ್ ಟ್ಯೂಬಿನ ಕೆಂಪು ತೇಪೆ ಹಾಕಿದ ಬೂಟು ಈ ದ್ವೀಪದಲ್ಲಿ ಒಬ್ಬನಿಗೆ ಮಾತ್ರ ಇದೆ. ಮುಚ್ಚಿಡುವ ಪ್ರಯತ್ನವನ್ನೂ ಮಾಡಿರಲಿಲ್ಲ! ನೇರವಾಗಿ ಬಂದು ಒಲೆಯ ಪಕ್ಕದ ನನ್ನ ಕುರ್ಚಿಯಲ್ಲಿ ಕೂತು, ಆ ಬೂಟನ್ನು ನನ್ನ ಮೂಗಿನ ಕೆಳಗೆ ಚಾಚಿದ.

ಆಗ ನನಗೆ ಅರ್ಥವಾಯಿತು. ಅವನನ್ನು ಎಬ್ಬಿಸಿ ಕಳಿಸಬೇಕಾದರೆ ನಾನು ಅವನ ಹೆಸರು ಹೇಳಬೇಕು.

"ಕೋಲಿ, ಇದು ಯಾರು ಅಂತ ಹೇಳು," ಎಂದೆ.

ಕೋಲಿ ಕನ್ನಡಕ ಹಾಕಿಕೊಂಡು ಹುಲ್ಲನ್ನು ಹಿಂದೆ ಮುಂದೆ ನೋಡಿದ. "ಪಾದ್ರಿಗಳಿರಬಹುದಾ?"

ಹುಲ್ಲು ತಲೆ ಅಲ್ಲಾಡಿಸಿತು.

"ಹಂಗಾದ್ರೆ ಅಂಚೆ ಕಚೇರಿ ಬಾರ್ಬರಾ. ಇವತ್ತೇನೋ ದಪ್ಪ ಕಾಣ್ತಿದ್ದಾಳೆ."

"ಕಣ್ಣಿಗೆ ಮಣ್ಣು ಬಿದ್ದಿದೆಯೇನೋ ನಿಂಗೆ? ಬೂಟು ನೋಡೋ!"

"ಒಳ್ಳೇ ಬೂಟು," ಎಂದ ಕೋಲಿ. "ನಿಂಗೆ ಗೊತ್ತಿದ್ರೆ ನೀನೇ ಹೇಳ್ಬಿಡಮ್ಮ."

"ಎದುರುಮನೆಯವನು!"

"ಅದು ಹೆಸರಾ?"

"ಊನಾಳ ಗಂಡ!"

"ಅದೂ ಹೆಸರಲ್ಲ. ಹೆಸರು ಬೇಕು ಡೀಲಿಯಾ. ನಿಯಮ ಅಂದ್ರೆ ನಿಯಮ."

ಪರದೆಯ ಹಿಂದಿನಿಂದ ಒಂದು ಗೊರಕೆಯಂಥ ಸದ್ದು ಬಂತು. ನಗು ತಡೆದುಕೊಳ್ಳುವ ಸದ್ದು. ಆಮೇಲೆ ಗವಸು ಹಾಕಿದ ಒಂದು ಕೈ ಮೇಜಿನ ಮೇಲಿದ್ದ ಬ್ರಾಕ್ ಕಡೆಗೂ, ಇನ್ನೊಂದು ಕೈ ಕಪಾಟಿನ ಮೇಲಿದ್ದ ವಿಸ್ಕಿಯ ಕಡೆಗೂ ಬೆರಳು ಮಾಡಿದವು. ಗುರುತು ಸಿಗದ ಅತಿಥಿ ಕೇಳಿದರೆ ಇಲ್ಲ ಎನ್ನುವಂತಿಲ್ಲ.

ಬ್ರಾಕ್ ಎಂದರೆ ಚಹಾದಲ್ಲಿ ನೆನೆಸಿದ ಒಣದ್ರಾಕ್ಷಿ ಹಾಕಿ ಸುಡುವ ಸಿಹಿ ಬ್ರೆಡ್ಡು. ಹ್ಯಾಲೋವೀನ್ ಬ್ರಾಕಿನ ಹೊಟ್ಟೆಯಲ್ಲಿ ಒಂದು ಉಂಗುರ, ಒಂದು ಚಿಂದಿ ಬಟ್ಟೆ ಬಚ್ಚಿಡುತ್ತೇವೆ. ಉಂಗುರ ಸಿಕ್ಕವರಿಗೆ ಮದುವೆ, ಚಿಂದಿ ಸಿಕ್ಕವರಿಗೆ ದರಿದ್ರ. ಚಿಂದಿ ಯಾವ ಮೂಲೆಯಲ್ಲಿದೆ ಎಂದು ಸುಟ್ಟವಳಿಗೆ ಗೊತ್ತಿರುತ್ತದೆ. ಆ ಮೂಲೆಯನ್ನೇ ದಪ್ಪಗೆ ಕೊಯ್ದು ಅವನ ಕೈಗೆ ಕೊಟ್ಟೆ. ಅವನು ಪರದೆಯನ್ನು ಗದ್ದದವರೆಗೆ ಎತ್ತಿ ಕಚ್ಚಿದ, ಚಿಂದಿಯನ್ನು ಹಲ್ಲಿನ ಸಂದಿಯಿಂದ ಎಳೆದು ತೆಗೆದ, ಹಿಡಿದು ನೋಡಿದ, ಅದರಿಂದ ಬಾಯಿ ಒರೆಸಿಕೊಂಡು ಜೇಬಿಗೆ ಇಟ್ಟುಕೊಂಡ. ಕೋಲಿ ನಗು ತಡೆಯಲಾರದೆ ಹಿತ್ತಲಿಗೆ ಓಡಿದ.

ಅಂದಿನಿಂದ ಇದು ವರ್ಷವರ್ಷದ ಪಾಡಾಯಿತು. ಬರುತ್ತಿದ್ದ, ನನ್ನ ಕುರ್ಚಿಯಲ್ಲಿ ಕೂರುತ್ತಿದ್ದ, ಚಿಂದಿಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದ. ಒಂದು ವರ್ಷ ಕಪಾಟಿನ ಬಟ್ಟಲುಗಳನ್ನೆಲ್ಲ ಬೋರಲು ಹಾಕಿದ. ಇನ್ನೊಂದು ವರ್ಷ ನಾನು ಹೆಣೆಯುತ್ತಿದ್ದ ಸ್ವೆಟರಿನ ತೋಳನ್ನು ನನ್ನ ಕಣ್ಣೆದುರಿಗೇ ಬಿಚ್ಚಿ ಉಂಡೆ ಸುತ್ತಿ ಬೆಕ್ಕಿಗೆ ಕೊಟ್ಟ. ಒಮ್ಮೆ ನನ್ನ ಏಪ್ರನ್ ಕಟ್ಟಿಕೊಂಡು ನನ್ನ ಹಾಗೆಯೇ ಕೋಲಿಗೆ ಬೆರಳು ತೋರಿಸಿ ಬೈಯುವ ಅಭಿನಯ ಮಾಡಿದ, ಸದ್ದಿಲ್ಲದೆ. ಕೋಲಿಯೂ ತಲೆ ತಗ್ಗಿಸಿ ನಿಂತ, ನಿಜವಾಗಿ ಬೈಸಿಕೊಳ್ಳುವವನ ಹಾಗೆ. ಹೆಸರು ಗಂಟಲಿಗೆ ಬಂತು, ನುಂಗಿದೆ. ಎಲ್ಲಕ್ಕಿಂತ ಮೈ ಉರಿದದ್ದು ಒಂದು ವರ್ಷ ಅವನು ಹೋದಮೇಲೆ. ತಿಂಗಳುಗಳಿಂದ ಕಿರುಗುಟ್ಟುತ್ತಿದ್ದ ಹಿತ್ತಲ ಬಾಗಿಲು ಸದ್ದೇ ಮಾಡಲಿಲ್ಲ. ಯಾವ ಮಾಯದಲ್ಲೋ ಅದರ ಕೀಲುಗಳಿಗೆ ಎಣ್ಣೆ ಬಿಟ್ಟಿದ್ದ. ಅದರ ಬಗ್ಗೆ ನಾನು ಕೋಲಿಗೆ ಕೂಗಾಡಿದ್ದು ರಸ್ತೆಯಾಚೆ ಕೇಳಿಸಿರಬೇಕು. ಕೆಟ್ಟದ್ದು ಮಾಡಿದರೆ ಬೈಯಬಹುದು. ಇದಕ್ಕೇನು ಮಾಡುವುದು?

ಈ ನಡುವೆ ನಮ್ಮ ರಸ್ತೆಯಲ್ಲಿ ವೇಷ ಹಾಕುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಕೆಲವರಿಗೆ ಮಂಡಿನೋವು, ಕೆಲವರಿಗೆ ಟಿವಿ. ಮಕ್ಕಳು ಅಂಗಡಿಯ ಪ್ಲಾಸ್ಟಿಕ್ ಮುಖವಾಡ ಹಾಕಿಕೊಂಡು ಶಾಲೆಯ ಹಾಲಿಗೆ ಹೋಗುತ್ತವೆ. ಮುಖವಾಡದೊಳಗಿಂದಲೇ ವಟವಟ ಮಾತಾಡುತ್ತವೆ, ಸೀನುತ್ತವೆ, ಅಮ್ಮನನ್ನು ಕರೆಯುತ್ತವೆ. ಮನೆಮನೆಗೆ ಹೋಗುವವನು ಅವನೊಬ್ಬನೇ ಉಳಿದ. ಮೇಲಿನ ತಿರುವಿನ ಮನೆಯಿಂದ ಕೆಳಗಿನ ದಕ್ಕೆಯವರೆಗೆ, ಮಳೆಯಿರಲಿ ಗಾಳಿಯಿರಲಿ, ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. ಅವನಿಗೋಸ್ಕರ ಜನ ಆ ಸಂಜೆ ಬಾಗಿಲನ್ನು ಅರ್ಧ ತೆರೆದಿಡುತ್ತಿದ್ದರು. ಎಲ್ಲರಿಗೂ ಅವನೇ ಎಂದು ಗೊತ್ತು. ಬೇರೆ ಯಾರು ಬರುತ್ತಾರೆ? ಆದರೂ ಒಂದಷ್ಟು ಸುಳ್ಳು ಹೆಸರು ಹೇಳಿ, ನಕ್ಕು, ಆಮೇಲೆ ಸರಿಯಾದ ಹೆಸರು ಹೇಳಿ ಕಳಿಸುತ್ತಿದ್ದರು. ಕಳಿಸದೆ ಇದ್ದದ್ದು ನಾನೊಬ್ಬಳೇ.

ಕಳೆದ ಅಕ್ಟೋಬರಿನಲ್ಲಿ ಅವನು ದಕ್ಕೆಯ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದ. ಆಸ್ಪತ್ರೆಯವರು ಮುರಿದ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿ ದೋಣಿಯಲ್ಲಿ ವಾಪಸ್ ಕಳಿಸಿದರು. ಹ್ಯಾಲೋವೀನ್ ದಿನ ಬೆಳಿಗ್ಗೆ ಊನಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖ ಎಂದಿನಂತಿರಲಿಲ್ಲ.

"ಹುಲ್ಲಿನ ವೇಷಾನ ಕತ್ತೆ ಕಾಲಡಿ ಹಾಕು ಅಂದ," ಎಂದಳು.

"ಯಾಕಂತೆ?"

"ಇನ್ನು ಸಾಕಂತೆ. 'ನಾನೊಬ್ಬ ಮಂಗನ ಥರ ಮನೆಮನೆ ತಿರುಗಿದ್ದಾಯ್ತು. ಈ ವರ್ಷ ಒಬ್ಬನಾದ್ರೂ ನಮ್ಮನೆಗೆ ಬರ್ತಾನಾ ನೋಡ್ತೀನಿ. ಬರ್ಲಿಲ್ಲ ಅಂದ್ರೆ ಮುಗೀತು, ಇದನ್ನ ಹೊತ್ಕೊಂಡು ತಿರುಗೋದಕ್ಕೆ ನಾನೇನು ಗುತ್ತಿಗೆ ಹಿಡಿದಿಲ್ಲ' ಅಂದ. ನಿನ್ನೆಯಿಂದ ಸರಿಯಾಗಿ ಊಟಾನೂ ಮಾಡಿಲ್ಲ ಡೀಲಿಯಾ."

"ಒಳ್ಳೇದೇ ಆಯ್ತು. ಈ ವರ್ಷ ನನ್ನ ಕುರ್ಚಿ ನನ್ನದಾಗಿರುತ್ತೆ," ಎಂದೆ.

ಊನಾ ನನ್ನನ್ನೇ ಒಮ್ಮೆ ನೋಡಿ ಒಳಗೆ ಹೋದಳು.

ಸಂಜೆ ಬ್ರಾಕ್ ಕೊಯ್ದೆ. ಕೊಯ್ದಮೇಲೆ ನೋಡಿದರೆ ಚಿಂದಿಯ ಮೂಲೆಯನ್ನು ಅಭ್ಯಾಸಬಲದಿಂದ ಬೇರೆ ತಟ್ಟೆಗೆ ಎತ್ತಿಟ್ಟಿದ್ದೆ. ನನ್ನ ಕುರ್ಚಿಯಲ್ಲಿ ಕೂತೆ. ಆ ಕುರ್ಚಿಯಲ್ಲಿ ಆ ಸಂಜೆ ಕೂತು ಎಷ್ಟು ವರ್ಷವಾಗಿತ್ತೋ, ಎಲ್ಲೋ ಏನೋ ಚುಚ್ಚಿದ ಹಾಗಾಗುತ್ತಿತ್ತು. ಎದ್ದೆ. ಮತ್ತೆ ಕೂತೆ. ಕೋಲಿ ಬೆಕ್ಕಿನ ಕಿವಿ ಕೆರೆಯುತ್ತ ನನ್ನನ್ನೇ ನೋಡುತ್ತಿದ್ದ.

"ಬಟ್ಟಲು ನಾನು ಬೋರಲು ಹಾಕ್ಲಾ?" ಎಂದು ಕೇಳಿದ.

"ತೆಪ್ಪಗಿರು."

ಕಿಟಕಿಯಿಂದ ನೋಡಿದೆ. ಎದುರುಮನೆಯಲ್ಲಿ ದೀಪ ಹತ್ತಿತ್ತು, ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಸಮುದ್ರದ ಗಾಳಿ ಕಲ್ಲುಗೋಡೆಯ ಸಂದುಗಳಲ್ಲಿ ಸಿಳ್ಳೆ ಹಾಕುತ್ತಿತ್ತು, ಆ ಚಳಿಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಮುರಿದ ಕಾಲಿನ ಮನುಷ್ಯ ಕಾಯುತ್ತಿದ್ದ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮೇಲಿನ ತಿರುವಿನ ಮನೆಯವರು ಟಿವಿ ಹಚ್ಚಿ ಕೂತಿದ್ದರು, ನೀಲಿ ಬೆಳಕು ಕಾಣುತ್ತಿತ್ತು. ನನಗೆ ಒಮ್ಮೆಲೇ ಸಿಟ್ಟು ನೆತ್ತಿಗೇರಿತು.

"ಏನು ಜನ ಇವರು! ಆ ಮನುಷ್ಯ ಇವರ ಒಂದೊಂದು ಹೊಸ್ತಿಲೂ ತುಳಿದಿದ್ದಾನೆ. ಮಳೆಯಲ್ಲಿ ನೆಂದ ಹುಲ್ಲು ಹೊತ್ಕೊಂಡು ಬಂದು ಇವರನ್ನ ನಗಿಸಿದ್ದಾನೆ. ಒಬ್ಬರಿಗೆ, ಒಬ್ಬರಿಗಾದ್ರೂ ಕಾಲೆತ್ತಿ ಅವನ ಮನೆಗೆ ಹೋಗಕ್ಕಾಗಲ್ವಾ? ನಾಚಿಕೆ ಆಗ್ಬೇಕು!"

"ಆಗ್ಬೇಕು," ಎಂದ ಕೋಲಿ. "ಮೇಲಿನ ತಿರುವಿನವರಿಗೆ ಅವನ ಮನೆ ದೂರ. ಹತ್ತಿರ ಇರೋದು ಯಾರಪ್ಪಾ ಅಂತ ಯೋಚಿಸ್ತಿದ್ದೀನಿ."

ಹಾಳಾದವನು. ನನ್ನ ಹಳೆಯ ವೇಷವಿದ್ದ ಪೆಟ್ಟಿಗೆಯನ್ನು ಅಟ್ಟದಿಂದ ಆಗಲೇ ಇಳಿಸಿ ಬಾಗಿಲ ಹಿಂದೆ ಇಟ್ಟಿದ್ದ.

ರಬ್ಬರ್ ಷರಾಯಿ ಬಿಗಿಯಾಗಿತ್ತು. ಈ ಸಲ ದಿಂಬಿನ ಅಗತ್ಯವಿರಲಿಲ್ಲ, ಅದನ್ನು ಕೋಲಿ ಬಾಯಿಬಿಟ್ಟು ಹೇಳಿ ಬೈಸಿಕೊಂಡ. ಕೋಟು, ಗವಸು, ಪರದೆ. ಕನ್ನಡಿಯ ಮುಂದೆ ನಿಂತರೆ ನನಗೇ ನಾನು ಯಾರೆಂದು ಗೊತ್ತಾಗಲಿಲ್ಲ.

"ನಡಿ ನೋಡೋಣ," ಎಂದ ಕೋಲಿ.

ಒಲೆಯಿಂದ ಬಾಗಿಲವರೆಗೆ ನಡೆದೆ.

"ಬಾತುಕೋಳಿ," ಎಂದ.

ಕೊನೆಗೆ ಅವನೇ ನಾವು ಸೌದೆಯ ಬದಲು ಒಲೆಗೆ ಹಾಕುವ ಟರ್ಫ್ ಎಂಬ ಒಣಮಣ್ಣಿನ ಹೆಂಟೆಯೊಂದನ್ನು ಮುರಿದು ನನ್ನ ಎಡಗಾಲಿನ ಬೂಟಿನೊಳಗೆ ತುರುಕಿದ. ಈಗ ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ. ಬಾತುಕೋಳಿ ಹೋಗಿ ಕುಂಟು ಕುದುರೆಯಾದೆ. ನಮ್ಮ ಬಾಗಿಲಿಂದ ಅವರ ಬಾಗಿಲಿಗೆ ರಸ್ತೆ ದಾಟುವಷ್ಟೇ ದೂರ, ಅಷ್ಟರಲ್ಲಿ ಎರಡು ಸಲ ಮುಗ್ಗರಿಸಿದೆ. ನನ್ನನ್ನು ಕಂಡು ಅವರ ಕತ್ತೆ ಗೋಡೆಗೆ ಬೆನ್ನು ಹಚ್ಚಿ ನಿಂತುಕೊಂಡಿತು. ಮೊದಲ ಸಲ ವೇಷ ಹಾಕಿದ ಹುಡುಗಿಯಂತೆ ಪರದೆಯನ್ನು ಮತ್ತೆ ಸರಿಮಾಡಿಕೊಂಡೆ. ಬಾಗಿಲು ತಳ್ಳಿ ಒಳಗೆ ಹೋದೆ.

ಊನಾ ಒಲೆಯ ಮುಂದಿದ್ದವಳು ತಿರುಗಿ ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವನು ಕುರ್ಚಿಯಲ್ಲಿದ್ದ, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ. ಮುಖ ಸಪ್ಪಗಿತ್ತು. ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದ. ಒಂದು ಕ್ಷಣ, ಅಷ್ಟೇ. ಗಡ್ಡದ ತುದಿ ಅಲುಗಿತು. ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ಈಗ ಹೆಸರು ಹೇಳುತ್ತಾನೆ, ಪರದೆ ಎತ್ತಿ ಮನೆಗೆ ಹೋಗುವುದು, ಮುಗಿಯಿತು.

"ಊನಾ, ಪಾದ್ರಿಗಳು ಬಂದಿದ್ದಾರೆ," ಎಂದ.

ನಾನು ತಲೆ ಅಲ್ಲಾಡಿಸಿದೆ.

"ಅಲ್ವಾ? ಹಂಗಾದ್ರೆ ಸಮುದ್ರದ ಸೀಲು ಪ್ರಾಣಿಗಳನ್ನ ಎಣಿಸೋಕೆ ಗಾಲ್ವೇ ಪಟ್ಟಣದಿಂದ ಬಂದಿದ್ನಲ್ಲ, ಆ ತೆಳ್ಳನೆ ಹುಡುಗ."

ತಲೆ ಅಲ್ಲಾಡಿಸಿದೆ.

"ಇವರು ಹುಡುಗ ಅಲ್ಲ. ಅಂಚೆ ಕಚೇರಿ ಬಾರ್ಬರಾ! ಅವಳೂ ಅಲ್ವಾ? ಯಾರಪ್ಪಾ ಇದು, ತಲೆ ಕೆಟ್ಟು ಹೋಯ್ತಲ್ಲ!"

ಸುಖವಾಗಿ ಬೆನ್ನು ಒರಗಿಸಿ ಕೂತ. ಗುರುತು ಸಿಗದ ಅತಿಥಿಯಾದೆನಲ್ಲ, ಸರಿ, ನನಗೂ ಹಕ್ಕಿದೆ. ವರ್ಷಗಳ ಬಾಕಿ. ಮೊದಲು ಅವನ ಊರುಗೋಲುಗಳನ್ನು ಎತ್ತಿ ಕಪಾಟಿನ ಮೇಲೆ ಇಟ್ಟೆ. ಅವನ ತಟ್ಟೆಯಲ್ಲಿದ್ದ ಎಲೆಕೋಸು ಕಲಸಿದ ಆಲೂಗಡ್ಡೆಯನ್ನು ಅವನ ಚಮಚದಿಂದಲೇ ಪರದೆಯ ಕೆಳಗೆ ತೂರಿಸಿ ತಿಂದೆ. ಗಡಿಯಾರದ ಮುಖ ಗೋಡೆಗೆ ತಿರುಗಿಸಿದೆ. ಕೊನೆಗೆ ಒಲೆಯಿಂದ ಒಂದು ಆರಿದ ಕೊಳ್ಳಿ ತೆಗೆದು, ಸ್ಟೂಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವನ ಬಿಳಿ ಪ್ಲಾಸ್ಟರಿನ ಮೇಲೆ ಒಂದು ದೊಡ್ಡ ಬಾತುಕೋಳಿ ಬರೆದೆ. ಚಪ್ಪಟೆ ಕೊಕ್ಕು, ಅಗಲ ಪಾದ, ಎತ್ತಿದ ಬಾಲ. ನೋಡಿದರೆ ಕುರುಡನಿಗೂ ಗೊತ್ತಾಗಬೇಕು.

ಅವನು ಕುತ್ತಿಗೆ ಚಾಚಿ ನೋಡಿದ. "ಹಂದಿ."

ನಾನು ಕೊಕ್ಕಿಗೆ ಬೆರಳು ಮಾಡಿದೆ.

"ಕೊಂಬಿರೋ ಹಂದಿ," ಎಂದ.

ಪರದೆಯೊಳಗೆ ನನ್ನ ಮುಖ ಬೆಂದು ಹೋಯಿತು. ಊನಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು.

"ಎದುರುಮನೆಯವಳಾ ಅಂತ ಒಂದು ಸಲ ಅನ್ನಿಸ್ತು," ಎಂದ ಅವನು ಊನಾಳ ಕಡೆಗೆ ತಿರುಗಿ, ನಾನಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. "ಆದ್ರೆ ಸಾಧ್ಯ ಇಲ್ಲ. ಅವಳಾಗಿದ್ರೆ ಇಷ್ಟು ಹೊತ್ತು ಬಾಯಿ ಮುಚ್ಕೊಂಡು ಇರ್ತಿದ್ಲಾ? ಬಾಯಿ ಒಡೆದು ಹೋಗಿರೋದು. ಅಲ್ದೆ ಅವಳು ಬರಿಗೈಲಿ ಬರಲ್ಲ, ಬ್ರಾಕ್ ತರ್ತಾಳೆ. ಅಯ್ಯಪ್ಪಾ, ಆ ಬ್ರಾಕ್! ವರ್ಷಾ ವರ್ಷಾ ಅದನ್ನ ಗಂಟಲಲ್ಲಿ ಇಳಿಸೋಕೆ ಮೂರು ಲೋಟ ವಿಸ್ಕಿ ಬೇಕಾಗ್ತಿತ್ತು ನಂಗೆ. ಕೋಲಿ ಅದರಲ್ಲಿ ದಕ್ಕೆ ಗೋಡೆ ಕಟ್ಟಬಹುದು."

ನಾನು ಗವಸನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ.

"ಚಿಂದಿನೇ ಮೆತ್ತಗಿರ್ತಿತ್ತು," ಎಂದ.

ಊನಾ, "ಸಾಕು ಬಿಡೋ," ಎಂದಳು, ನಗುತ್ತಲೇ. ಅವನು ನಗಲಿಲ್ಲ. ಪ್ಲಾಸ್ಟರಿನ ಮೇಲಿನ ಬಾತುಕೋಳಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಮಸಿ ಬೆರಳಿಗೆ ಹತ್ತಿತು.

"ಆವತ್ತು ಪಬ್ಬಲ್ಲಿ ನಾನು ಬಾಯಿ ಬಿಡಬಾರದಿತ್ತು ಊನಾ," ಎಂದ. ದನಿ ಬೇರೆಯಾಗಿತ್ತು. "ಯಾರಿಗೂ ಗೊತ್ತಾಗಿರ್ಲಿಲ್ಲ. ಅವಳ ಗಂಡನಿಗೇ ಗೊತ್ತಾಗಿರ್ಲಿಲ್ಲ. ನಂಗೆ ಗೊತ್ತಾಯ್ತು ಅಂದ್ರೆ, ಚಿಕ್ಕೋನಿದ್ದಾಗಿಂದ ಶಾಲೆಗೆ ಅವಳ ಹಿಂದೆ ಅದೇ ನಡಿಗೆ ನೋಡ್ತಾ ಹೋದೋನು ನಾನು. ಗೊತ್ತಾಗದೆ ಇನ್ನೇನು? ಒಂದು ನಿಮಿಷ ನಾಲಿಗೆ ಹಿಡ್ಕೊಂಡಿದ್ರೆ ಅವಳು ಅವಳಮ್ಮನ ಥರ ದಾಟಿಬಿಡ್ತಿದ್ಲು. ನಾನು ನಗಿಸೋಕೆ ಹೋದೆ. ಈ ರಸ್ತೇಲಿ ನಂಗಿಂತ ಚೆನ್ನಾಗಿ ವೇಷ ಹಾಕ್ತಿದ್ದವಳು ಅವಳೊಬ್ಬಳೇ, ಅವಳೂ ಬಿಟ್ಟುಬಿಟ್ಲು. ಆಮೇಲೆ ನಾನೊಬ್ನೇ."

ಒಲೆಯಲ್ಲಿ ಹೆಂಟೆಯೊಂದು ಕುಸಿಯಿತು.

"ಅಷ್ಟು ವರ್ಷ ಅವಳ ಮನೇಲಿ ಯಾಕೆ ಕೂತೆ ಗೊತ್ತಾ? ಇವತ್ತು ಬೈತಾಳೆ, ಇವತ್ತು ನನ್ನ ಹೆಸರು ಹಿಡಿದು ಕರೆದು ಕತ್ತು ಹಿಡಿದು ಆಚೆ ತಳ್ತಾಳೆ ಅಂತ. ಸ್ವೆಟರ್ ಬಿಚ್ಚಿದೆ. ಏಪ್ರನ್ ಕಟ್ಕೊಂಡೆ. ಕಲ್ಲು ಕಣೇ ಅವಳು. ಒಂದು ಸಲ, ಒಂದೇ ಸಲ ಕರೆದಿದ್ರೆ ಎದ್ದು ಬಂದ್ಬಿಡ್ತಿದ್ದೆ."

ನಾನು ಬಾಯಿ ಮುಚ್ಚಿಕೊಂಡೇ ಕೂತಿದ್ದೆ. ಕೂತಿದ್ದೆ ಎಂದು ನಾನಂದುಕೊಂಡಿದ್ದೆ. ಎಲ್ಲಿಂದ ಬಂತೋ ಗೊತ್ತಿಲ್ಲ, ಮೊದಲು ನನ್ನ ಕಿವಿಗೇ ಅದು ಬೇರೆ ಯಾರದೋ ದನಿಯಂತೆ ಕೇಳಿಸಿತು.

"ಫೆಸ್ಟಿ," ಎಂದೆ. "ಫೆಸ್ಟಿ, ನನ್ನ ಬ್ರಾಕ್ ಒಣಗಿರುತ್ತಾ? ಅಷ್ಟು ಒಣಗಿದ್ರೆ ಮೂರು ಮೂರು ತುಂಡು ಯಾಕೋ ತಿಂತಿದ್ದೆ, ದರಿದ್ರದವನೇ?"

ಊನಾಳ ಕೈಯಿಂದ ಚಮಚ ಜಾರಿ ನೆಲಕ್ಕೆ ಬಿತ್ತು.

ಆಣೆ ಮುರಿದಿತ್ತು. ಆಟವನ್ನೂ ಸೋತಿದ್ದೆ. ಮಾತಾಡಿದವರು ಎದ್ದು ಹೋಗಬೇಕು. ನಾನು ಎದ್ದು ನಿಂತು ಪರದೆ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಕೂದಲು ಬೆವರಿಗೆ ಹಣೆಗಂಟಿತ್ತು, ಬಂಗಡೆಯ ಹಳೇ ವಾಸನೆ ಕೋಟಿನಿಂದ ಇನ್ನೂ ಬರುತ್ತಿತ್ತು. ಬಾಗಿಲ ಕಡೆ ಕುಂಟುತ್ತ ಹೊರಟೆ.

ಫೆಸ್ಟಿ ನನ್ನ ಬರಿಯ ಮುಖವನ್ನು ನೆಟ್ಟ ನೋಟದಲ್ಲಿ ನೋಡಿದ. ಕಣ್ಣು ಹೊಳೆಯುತ್ತಿತ್ತು. ನಿಧಾನವಾಗಿ ಗಡ್ಡ ನೀವಿಕೊಂಡ.

"ಊಹೂಂ. ಯಾರು ಅಂತ ಗೊತ್ತಾಗ್ತಾನೇ ಇಲ್ಲ," ಎಂದ.

"ಮಾತಾಡಿದ್ಲಲ್ಲೋ!" ಎಂದಳು ಊನಾ.

"ಯಾರು ಮಾತಾಡಿದ್ದು? ಕತ್ತೆ ಇರ್ಬೇಕು, ಗಾಳಿಗೆ ಕಿರುಚ್ತಿದೆ." ಆಮೇಲೆ ನನ್ನ ಕಡೆ ತಿರುಗಿ, ಹುಟ್ಟಿದಾಗಿನಿಂದ ನನಗೆ ಎಂದೂ ಕೊಡದ ಮರ್ಯಾದೆ ಕೊಟ್ಟು ಹೇಳಿದ: "ಎಲ್ಲಿಗೆ ಹೊರಟ್ರಿ ತಾಯಿ? ನಿಮ್ಮ ಹೆಸರು ನಂಗೆ ಹೊಳೆಯೋವರೆಗೂ ನೀವು ಕೂತ್ಕೋಬೇಕು. ನಿಯಮ ಅಂದ್ರೆ ನಿಯಮ. ನಂಗೆ ವಯಸ್ಸಾಯ್ತು, ಹೊಳೆಯೋದು ಸ್ವಲ್ಪ ತಡ. ಊನಾ, ಅತಿಥಿಗಳಿಗೆ ಆ ತಟ್ಟೆ ಕೊಡು."

ನಾನು ಒಲೆಯ ಪಕ್ಕ ಕೂತು ಬೂಟಿನಿಂದ ಟರ್ಫ್ ಹೆಂಟೆ ತೆಗೆದು ಬೆಂಕಿಗೆ ಹಾಕಿದೆ. ಊನಾ ತಟ್ಟೆ ತಂದಳು. ಅವಳು ಸುಟ್ಟ ಬ್ರಾಕಿನಿಂದ ಬೇರೆ ತೆಗೆದಿಟ್ಟಿದ್ದ ಒಂದೇ ಒಂದು ಮೂಲೆಯ ತುಂಡು, ಮೇಲೆ ಬಟ್ಟೆ ಮುಚ್ಚಿತ್ತು. ಯಾರಿಗೋಸ್ಕರ ಬೆಳಿಗ್ಗೆಯಿಂದ ಅದನ್ನು ಎತ್ತಿಟ್ಟಿದ್ದರೆಂದು ನಾನು ಕೇಳಲಿಲ್ಲ. ಕಚ್ಚಿದೆ. ಹಲ್ಲಿಗೆ ಬಟ್ಟೆ ಸಿಕ್ಕಿತು, ಎಳೆದು ತೆಗೆದೆ. ಫೆಸ್ಟಿ ಚಾವಣಿ ನೋಡುತ್ತಿದ್ದ.

ಆ ಚಿಂದಿಯಿಂದ ಮೊದಲು ಕಣ್ಣು ಒರೆಸಿಕೊಂಡೆ, ಆಮೇಲೆ ಬಾಯಿ ಒರೆಸಿಕೊಂಡೆ, ಆಮೇಲೆ ಜೇಬಿಗೆ ಇಟ್ಟುಕೊಂಡೆ.